ಹಾರುವ ಮಣ್ಣಿಗೆ ನಿಯಮ ಇದೆ, ಹರಿಯುವ ಮಣ್ಣಿಗೆ ಯಾಕಿಲ್ಲ?

ಮಾನ್ಯ ಸಂಪಾದಕರೇ,

ಮೇ ತಿಂಗಳು ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಫೋಟೊ ಬಂದೇ ಬರುತ್ತದೆ. ತೋಡಿಗೆ ಇಳಿದ ಜೇಸಿಬಿ, ದಡದಲ್ಲಿ ಹೂಳಿನ ರಾಶಿ, ಪಕ್ಕದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತ ನಾಲ್ಕು ಜನ. ಕೆಳಗೆ 'ಮಳೆಗಾಲಕ್ಕೆ ಸಿದ್ಧತೆ' ಅಂತ ಒಂದು ಸಾಲು. ಜೂನ್‌ನಲ್ಲಿ ಅದೇ ತೋಡು ಉಕ್ಕಿ ರಸ್ತೆಗೆ ಬಂದ ಇನ್ನೊಂದು ಫೋಟೊ. ನಾನು ಮಂಗಳೂರಿನಲ್ಲಿ ಮೂವತ್ತು ವರ್ಷ ಕಟ್ಟಡದ ಸೈಟುಗಳಲ್ಲಿ ಸೂಪರ್‌ವೈಸರ್ ಆಗಿದ್ದವನು, ಈಗ ನಿವೃತ್ತ. ನನಗೆ ಬೇಕಾಗಿರುವುದು ಈ ಎರಡರ ನಡುವಿನ ಫೋಟೊ. ಆ ಹೂಳು ಎಲ್ಲಿಂದ ಬಂತು ಅನ್ನುವ ಫೋಟೊ. ಅದನ್ನು ಯಾರೂ ತೆಗೆಯುವುದಿಲ್ಲ.

ಕಳೆದ ವರ್ಷ ಜೂನ್‌ನ ಒಂದು ರಾತ್ರಿ ಜೋರು ಮಳೆ. ಬೆಳಿಗ್ಗೆ ನಮ್ಮಾಕೆ ಬಾವಿಗೆ ಕೊಡಪಾನ ಇಳಿಸಿ ಎಳೆದಳು, ಬಂದದ್ದು ಚಹಾದಂಥ ನೀರು. ಹಾಲು ಹಾಕಿದ ಚಹಾ. ನಮ್ಮ ಮನೆಯ ಮೇಲ್ಗಡೆ ಹದಿನೈದು ಸೆಂಟ್ಸ್ ಜಾಗದಲ್ಲಿ ಏಪ್ರಿಲ್‌ನಿಂದ ಗುಡ್ಡೆ ಕಡಿಯುತ್ತಿದ್ದರು. ಕಂಪೌಂಡ್ ಗೋಡೆಯ ಬುಡದಲ್ಲಿ ಸಂದು ಮಾಡಿಕೊಂಡು ಕೆಸರು ನೀರು ನಮ್ಮ ಅಂಗಳಕ್ಕೆ ಇಳಿದು, ಬಾವಿಕಟ್ಟೆಯ ಹಳೇ ಬಿರುಕಿನಲ್ಲಿ ಒಳಗೆ ಹೋಗಿತ್ತು. ಅಂಗಳದಲ್ಲಿ ಕಾಲಿಟ್ಟರೆ ಹಿಮ್ಮಡಿ ಮುಳುಗುವಷ್ಟು ಮಣ್ಣು. ಆ ನೀರನ್ನು ನಾನು ಒಂದು ಗಾಜಿನ ಬಾಟಲಿಗೆ ತುಂಬಿ ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಒಂದು ದಿನ ಆಯಿತು, ಎರಡು ದಿನ ಆಯಿತು, ತಳದಲ್ಲಿ ಒಂದು ಬೆರಳು ಮರಳು ಕೂತದ್ದು ಬಿಟ್ಟರೆ ಮೇಲಿನ ನೀರು ತಿಳಿಯಾಗಲೇ ಇಲ್ಲ. ಮೂರನೇ ದಿನ ನಮ್ಮಾಕೆ ಪಟಿಕದ ತುಂಡು ಹಾಕಿ ತಿರುಗಿಸಿದಳು. ಅರ್ಧ ಗಂಟೆಯಲ್ಲಿ ಹತ್ತಿಯಂತೆ ಗಂಟು ಗಂಟಾಗಿ ಕೆಳಗೆ ಇಳಿಯಿತು. ಈ ಬಾಟಲಿಯ ವಿಷಯಕ್ಕೆ ಮತ್ತೆ ಬರುತ್ತೇನೆ, ಅದರಲ್ಲಿ ವಿಷಯ ಇದೆ.

ದೂರು ಕೊಡಲು ಹೋದೆ. ಒಂದು ಕಚೇರಿಯಲ್ಲಿ, ಪ್ಲಾನ್ ಪ್ರಕಾರ ಕಟ್ಟುತ್ತಿದ್ದಾರಲ್ವಾ, ಮತ್ತೇನು ಅಂದರು. ಇನ್ನೊಂದರಲ್ಲಿ, ಮಣ್ಣು ಸಾಗಿಸಲು ಪರ್ಮಿಟ್ ಇದೆಯಾ ಅಂತ ಮಾತ್ರ ನಾವು ನೋಡೋದು ಅಂದರು. ಮೂರನೇ ಕಡೆ ಒಬ್ಬರು ಬಹಳ ಸಮಾಧಾನದಿಂದ ಕೇಳಿಸಿಕೊಂಡು, "ಯಜಮಾನ್ರೇ, ಮಳೆಗೆ ಮಣ್ಣು ಬರೋದು ಇದ್ದದ್ದೇ ಅಲ್ವಾ" ಅಂತ ಹೇಳಿ ಚಹಾ ತರಿಸಿದರು. ಚಹಾ ನೋಡಿ ನನಗೆ ಬಾವಿ ನೆನಪಾಯಿತು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಯಾಕೆಂದರೆ ಅವರ ಕೈಯಲ್ಲಿ ನಿಯಮವೇ ಇಲ್ಲ. ಅಥವಾ ಇದೆ, ಆದರೆ ಈ ಕೆಲಸಕ್ಕೆ ಆಗುವಂಥದ್ದಲ್ಲ. ಮನೆಗೆ ಬಂದು ಒಂದೊಂದಾಗಿ ಓದಿದೆ, ಪುರುಸೊತ್ತು ಇತ್ತು.

ಕೇಂದ್ರ ಪರಿಸರ ಸಚಿವಾಲಯ 2018ರ ಜನವರಿಯಲ್ಲಿ ಧೂಳಿನ ನಿಯಮ ತಂದಿದೆ. ಗಾಳಿ ಕೆಟ್ಟಿರುವ ಊರುಗಳಲ್ಲಿ ಧೂಳು ತಡೆಯುವ ವ್ಯವಸ್ಥೆ ಇಲ್ಲದೆ ಮಣ್ಣು ಅಗೆಯಬಾರದು, ಸಡಿಲ ಮಣ್ಣು, ಮರಳನ್ನು ಮುಚ್ಚದೆ ಬಿಡಬಾರದು, ಮಣ್ಣಿಗೆ ನೀರು ಚಿಮುಕಿಸಬೇಕು. ಒಳ್ಳೆಯದೇ. ದಿಲ್ಲಿಗೆ ಅದು ಬೇಕು. ಆದರೆ ನಮ್ಮ ಕರಾವಳಿಯಲ್ಲಿ ಮಣ್ಣು ಹಾರುವುದಕ್ಕಿಂತ ಹರಿಯುವುದೇ ಜಾಸ್ತಿ. ನೀರು ಚಿಮುಕಿಸಲು ನಮಗೆ ಪಂಪು ಬೇಡ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮೇಲಿಂದಲೇ ಬೀಳುತ್ತದೆ.

2016ರ ಕಟ್ಟಡ ತ್ಯಾಜ್ಯ ನಿಯಮ ತೆಗೆದು ನೋಡಿದೆ. ಚರಂಡಿಗೆ ಅಡ್ಡಿಯಾಗುವ ಹಾಗೆ ತ್ಯಾಜ್ಯ ಹಾಕಬಾರದು ಅಂತ ಅದರಲ್ಲಿ ಇತ್ತು. ಸರಿ. ಟಿಪ್ಪರಿನಲ್ಲಿ ತಂದು ಸುರಿದರೆ ಹಾಕಿದವರು ಸಿಗುತ್ತಾರೆ, ಮಳೆ ನೀರೇ ಹೊತ್ತುಕೊಂಡು ಹೋಗಿ ಹಾಕಿದರೆ ಯಾರಿಗೆ ನೋಟಿಸ್ ಕೊಡೋದು? 2006ರ ಪರಿಸರ ಅನುಮತಿಯ ಅಧಿಸೂಚನೆ ಇದೆ, ಅದು ಇಪ್ಪತ್ತು ಸಾವಿರ ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳಿಗೆ. ಅಂದರೆ ಎರಡು ಲಕ್ಷ ಚದರಡಿಗೂ ಮೇಲೆ. ನಮ್ಮ ಮೇಲ್ಗಡೆಯ ಹದಿನೈದು ಸೆಂಟ್ಸಿಗೂ ಅದಕ್ಕೂ ಸಂಬಂಧ ಇಲ್ಲ. ಅಗೆತದ ಸುರಕ್ಷತೆಗೆ ಐಎಸ್ 3764 ಅನ್ನುವ ಮಾನಕ ಇದೆ, ಒಂದೂವರೆ ಮೀಟರಿಗಿಂತ ಆಳದ ಟ್ರೆಂಚಿಗೆ ಆಸರೆ ಕೊಡಬೇಕು ಅನ್ನುತ್ತದೆ. ಅದು ಒಳಗೆ ಇಳಿದು ಕೆಲಸ ಮಾಡುವವರ ಜೀವಕ್ಕೆ, ತುಂಬಾ ಬೇಕಾದದ್ದು. 2024ರ ಜುಲೈನಲ್ಲಿ ಬಲ್ಮಠದಲ್ಲಿ ಸೈಟಿನ ಮಣ್ಣು ಜರಿದು ಕಾರ್ಮಿಕನೊಬ್ಬ ಸತ್ತದ್ದು ನಿಮ್ಮ ಓದುಗರಿಗೆ ನೆನಪಿರಬಹುದು. ಆದರೆ ಆ ಮಾನಕದಲ್ಲೂ ಕೆಳಗಿನ ಮನೆಯ ಬಾವಿ ಬರುವುದಿಲ್ಲ.

ಇನ್ನು ಮಣ್ಣು ಸಾಗಿಸುವ ಪರ್ಮಿಟ್. ಸಾಮಾನ್ಯ ಮಣ್ಣೂ ಕಿರು ಖನಿಜದ ಪಟ್ಟಿಯಲ್ಲಿದೆ. ಅದು ಹೊರಗೆ ಹೋಗುವ ಮಣ್ಣಿನ ಲೆಕ್ಕ ಕೇಳುತ್ತದೆ, ದುಡ್ಡಿನ ಲೆಕ್ಕ ಕೇಳುತ್ತದೆ. ಹಿಂದೆ ಉಳಿದ ಗುಡ್ಡೆ ಯಾವ ಸ್ಥಿತಿಯಲ್ಲಿ ಉಳಿಯಿತು ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ಈಗ ಬಾಟಲಿಗೆ ಬರುತ್ತೇನೆ. ನಮ್ಮ ಗುಡ್ಡೆಗಳು ಹೇಗಿವೆ ಅಂತ ಹೊರಗಿನವರಿಗೆ ಗೊತ್ತಿಲ್ಲ. ಮೇಲೆ ತೆಳ್ಳಗೆ ಕೆಂಪು ಮಣ್ಣು, ಅದರ ಕೆಳಗೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಟೊಪ್ಪಿ. ಮುರಕಲ್ಲು ಗಟ್ಟಿ, ನೀರು ಬಿದ್ದರೂ ಅಲುಗುವುದಿಲ್ಲ. ಅದರ ಕೆಳಗೆ ಇರುವುದು ಶೇಡಿ ಮಣ್ಣು. ಬಿಳಿ, ಹಳದಿ, ನಸುಗೆಂಪು ಬಣ್ಣದ್ದು, ಕೈಯಲ್ಲಿ ಉಜ್ಜಿದರೆ ಮುಖಕ್ಕೆ ಹಚ್ಚುವ ಪೌಡರಿನ ಹಾಗೆ. ಏಪ್ರಿಲ್‌ನಲ್ಲಿ ನೋಡಿದರೆ ಇಪ್ಪತ್ತಡಿ ನೆಟ್ಟಗೆ ಕಡಿದರೂ ಗೋಡೆಯ ಹಾಗೆ ನಿಲ್ಲುತ್ತದೆ, ಹಿಟಾಚಿಯ ಹಲ್ಲಿನ ಗೀರು ಸಹ ಹಾಗೇ ಕಾಣುತ್ತದೆ. ಅದನ್ನು ನೋಡಿಯೇ ಮಾಲೀಕರು ಮೋಸ ಹೋಗುವುದು. ನೀರು ಕುಡಿದ ಮೇಲೆ ಅದೇ ಶೇಡಿ ಬೆಣ್ಣೆ. ಟೊಪ್ಪಿ ತೆಗೆದು ತಲೆಯನ್ನು ಮಳೆಗೆ ಒಡ್ಡಿದ ಮೇಲೆ ಒಂದೋ ಸ್ವಲ್ಪ ಸ್ವಲ್ಪವೇ ಕರಗಿ ತೋಡು ಸೇರುತ್ತದೆ, ಇಲ್ಲ ಒಂದೇ ಸಲ ಬರೆ, ಅಂದರೆ ಕಡಿದ ಗುಡ್ಡೆಯ ಗೋಡೆ, ಜರಿಯುತ್ತದೆ. ಮೊದಲನೆಯದಕ್ಕೆ ಯಾರೂ ಬರುವುದಿಲ್ಲ, ಎರಡನೆಯದಕ್ಕೆ ಎಲ್ಲರೂ ಬರುತ್ತಾರೆ. ಎರಡೂ ಒಂದೇ ರೋಗ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಸಂಗತಿ, ಈ ಶೇಡಿ ಒಮ್ಮೆ ನೀರಿನಲ್ಲಿ ಕಲೆತರೆ ಹಿಡಿಯುವುದು ಕಷ್ಟ. ಮರಳಾದರೆ ಒಂದು ಗುಂಡಿ ತೋಡಿದರೆ ಕೂರುತ್ತದೆ. ಶೇಡಿ ಕೂರುವುದಿಲ್ಲ, ನನ್ನ ಬಾಟಲಿಯಲ್ಲಿ ಎರಡು ದಿನ ಕೂರಲಿಲ್ಲವಲ್ಲ. ಹಾಗಾಗಿ ಕೆಳಗೆ ಬಲೆ ಕಟ್ಟಿದರೆ, ಗೋಣಿ ಅಡ್ಡ ಇಟ್ಟರೆ ಎಲ್ಲ ಸರಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ಅರ್ಧ ಮಾತ್ರ ನಂಬಿ. ಮಳೆಗೆ ಅದನ್ನು ತೋರಿಸದೆ ಇರುವುದೇ ಮೊದಲ ಕೆಲಸ.

ನನ್ನ ತಂಗಿಯ ಮಗ ಸಿಂಗಾಪುರದಲ್ಲಿ ಸೈಟ್ ಎಂಜಿನಿಯರ್. ಬಾಟಲಿಯ ಫೋಟೊ ಅವನಿಗೆ ವಾಟ್ಸ್ಯಾಪ್ ಮಾಡಿದ್ದೆ. ಅವನು ಕೂಡಲೇ ಫೋನ್ ಮಾಡಿ, "ಮಾಮ, ಇಲ್ಲಿ ಈ ನೀರು ಚರಂಡಿಗೆ ಬಿಟ್ಟರೆ ನಮಗೆ ದಂಡ" ಅಂದ. ಅಲ್ಲಿ ಸೈಟಿನಿಂದ ಚರಂಡಿಗೆ ಬಿಡುವ ನೀರಿನಲ್ಲಿ ತೇಲುವ ಮಣ್ಣು ಲೀಟರಿಗೆ ಐವತ್ತು ಮಿಲಿಗ್ರಾಂ ದಾಟಬಾರದು. ಕೆಲಸ ಶುರು ಮಾಡುವ ಮೊದಲೇ ಮಣ್ಣು ತಡೆಯುವ ಯೋಜನೆಯನ್ನು ಅದಕ್ಕಾಗಿಯೇ ತರಬೇತಿ ಪಡೆದ ಎಂಜಿನಿಯರ್ ಸಹಿ ಹಾಕಿ ಕೊಡಬೇಕು. ದೊಡ್ಡ ಸೈಟುಗಳಲ್ಲಿ ನೀರು ಹೊರಗೆ ಬಿಡುವ ಜಾಗಕ್ಕೇ ಕ್ಯಾಮೆರಾ. ಜೇಡಿ ನೀರು ತಿಳಿ ಮಾಡಲು ಟ್ಯಾಂಕ್ ಇಟ್ಟು ಅದಕ್ಕೆ ಮದ್ದು ಹಾಕುತ್ತಾರಂತೆ. ಏನು ಮದ್ದು ಅಂತ ಕೇಳಿದರೆ, ಅತ್ತೆ ಹಾಕಿದ ಪಟಿಕದ ಹಾಗಿನದ್ದೇ ಅಂದ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ನಮಗಿಂತ ಕಡಿಮೆ, ಅದೂ ಹನ್ನೆರಡು ತಿಂಗಳಿಗೆ ಹಂಚಿಕೊಂಡು. ನಮಗೆ ಬಹುಪಾಲು ನಾಲ್ಕೇ ತಿಂಗಳಲ್ಲಿ.

ಅಮೆರಿಕದಲ್ಲಿ ಒಂದು ಎಕರೆ ಅಥವಾ ಅದಕ್ಕಿಂತ ಜಾಸ್ತಿ ನೆಲ ಕೆದಕುವುದಾದರೆ ಮಳೆನೀರಿನ ಪರ್ಮಿಟ್ ತೆಗೆದುಕೊಳ್ಳಬೇಕು. ಹಾಗೆಂದು ಅದನ್ನು ಇಲ್ಲಿಗೆ ತಂದು ಅಂಟಿಸಿ ಅಂತ ನಾನು ಹೇಳುವುದಿಲ್ಲ. ಅಂಟಿಸಿದರೆ ನಗೆಪಾಟಲು. ಒಂದು ಎಕರೆ ಅಂದರೆ ನೂರು ಸೆಂಟ್ಸ್, ನಮ್ಮಲ್ಲಿ ಗುಡ್ಡೆ ಕಡಿಯುವವರಲ್ಲಿ ಜಾಸ್ತಿ ಜನ ಐದು, ಹತ್ತು, ಇಪ್ಪತ್ತು ಸೆಂಟ್ಸಿನವರು. ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ. ಸಮತಟ್ಟಾದ ಅರ್ಧ ಎಕರೆಗಿಂತ ಇಳಿಜಾರಿನ ಆರು ಸೆಂಟ್ಸ್ ನಮ್ಮಲ್ಲಿ ಅಪಾಯ. ಆದ್ದರಿಂದ ಜಾಗದ ಅಳತೆ ನೋಡಬೇಡಿ, ಎಷ್ಟು ಎತ್ತರ ಕಡಿಯುತ್ತಾರೆ ಅಂತ ನೋಡಿ. ಒಂದೂವರೆ ಮೀಟರ್, ಅಂದರೆ ಸುಮಾರು ಐದು ಅಡಿಗಿಂತ ಎತ್ತರ ಕಡಿಯುವ ಯಾರೇ ಆಗಲಿ, ಮನೆಯಾಗಲಿ ಅಪಾರ್ಟ್‌ಮೆಂಟ್ ಆಗಲಿ, ಅವರ ಕಟ್ಟಡ ಪರವಾನಗಿಯ ಜೊತೆಗೇ ಮಣ್ಣಿನ ಷರತ್ತು ಬರಲಿ. ಬೇರೆ ಕಚೇರಿ, ಬೇರೆ ಅರ್ಜಿ, ಬೇರೆ ಕಿಟಕಿ ಬೇಡ. ಈಗ ಇರುವಷ್ಟು ಕಿಟಕಿಗಳೇ ಸಾಕು.

ಏನು ಷರತ್ತು ಅಂತ ಕೇಳಿದರೆ, ಸೈಟಿನಲ್ಲಿ ನಿಂತವನಾಗಿ ಹೇಳುತ್ತೇನೆ. ಎಲ್ಲಕ್ಕಿಂತ ಮೊದಲು ದಿನಾಂಕ. ಮೇ 15ರ ನಂತರ ಸೆಪ್ಟೆಂಬರ್ ಮುಗಿಯುವ ತನಕ ಹೊಸದಾಗಿ ಗುಡ್ಡೆ ಕಡಿಯುವಂತಿಲ್ಲ. ಇದಕ್ಕೆ ಬಿಲ್ಡರುಗಳು ಕೂಗಾಡುತ್ತಾರೆ, ಬಡ್ಡಿ ಓಡುತ್ತದೆ ಅನ್ನುತ್ತಾರೆ. ಓಡುತ್ತದೆ, ಸುಳ್ಳಲ್ಲ. ಆದರೆ ಪಂಚಾಂಗ (ಅಡಿಪಾಯ) ಹಾಕಿ ಮೇಲೆ ಬಂದ ಕಟ್ಟಡದ ಕೆಲಸಕ್ಕೆ ಯಾರೂ ಅಡ್ಡಿ ಮಾಡುತ್ತಿಲ್ಲ. ಕಡಿಯುವುದನ್ನು ಸೆಪ್ಟೆಂಬರ್ ಮುಗಿದ ಮೇಲೆ ಶುರು ಮಾಡಿ ಅನ್ನುತ್ತಿದ್ದೇವೆ ಅಷ್ಟೇ. ನಮ್ಮ ಹಿರಿಯರು ಮಣ್ಣಿನ ಗೋಡೆ ಮಳೆಗಾಲದಲ್ಲಿ ಎಬ್ಬಿಸುತ್ತಿದ್ದರಾ? ಮೇ ತಿಂಗಳಲ್ಲಿ ಸೋಗೆಯ ತಟ್ಟಿ ಕಟ್ಟಿ ಗೋಡೆ ಮುಚ್ಚುತ್ತಿದ್ದರು. ಅದೇ ತಟ್ಟಿಯ ಬುದ್ಧಿ ಇಲ್ಲಿಗೂ ಸಾಕು. ಕಡಿದ ಮೈ ಮಳೆಗಾಲಕ್ಕೆ ಬರಿಮೈಯಾಗಿ ಇರಬಾರದು. ಟಾರ್ಪಾಲು ಆಗಬಹುದು, ತೆಂಗಿನ ನಾರಿನ ಚಾಪೆ ಆಗಬಹುದು, ಸ್ವಲ್ಪ ಮುಂಚೆ ಯೋಚನೆ ಮಾಡಿದರೆ ಲಾವಂಚ ನೆಡಬಹುದು. ಒಂದು ಮಾತು, ಟಾರ್ಪಾಲು ಹಾಕುವವರು ಬರೆಯ ಮೈಗೆ ಮಾತ್ರ ಹಾಕಿ ನೆತ್ತಿ ಬಿಡುತ್ತಾರೆ. ನೀರು ನುಗ್ಗುವುದು ನೆತ್ತಿಯಿಂದ. ಟಾರ್ಪಾಲಿನ ಹಿಂದೆ ಇಳಿದು ಯಾರಿಗೂ ಕಾಣದ ಹಾಗೆ ಕೊರೆಯುತ್ತದೆ.

ಅದಕ್ಕೇ ಎರಡನೆಯದು, ಕಡಿದ ಅಂಚಿನಿಂದ ಸ್ವಲ್ಪ ಹಿಂದೆ ಒಂದು ಚಿಕ್ಕ ತೋಡು. ಮೇಲಿನ ಗುಡ್ಡೆಯ ನೀರು ಕಡಿದ ಜಾಗಕ್ಕೆ ಬರುವ ಮೊದಲೇ ಪಕ್ಕಕ್ಕೆ ಹೋಗಬೇಕು. ಇಬ್ಬರು ಆಳು ಎರಡು ದಿನದಲ್ಲಿ ಮುಗಿಸುವ ಕೆಲಸ. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಜಾಸ್ತಿ ಲಾಭ ಕೊಡುವ ಕೆಲಸ ಇಡೀ ಸೈಟಿನಲ್ಲಿ ಇನ್ನೊಂದಿಲ್ಲ. ನಾನು ನೋಡಿದ ಸೈಟುಗಳಲ್ಲಿ ಜಾಸ್ತಿ ಬಿಟ್ಟುಬಿಡುವ ಕೆಲಸವೂ ಅದೇ.

ನೀರಿನ ಲೆಕ್ಕ ಒಂದು ಸಲ ಮಾಡಿ ನೋಡಿ. ಹತ್ತು ಸೆಂಟ್ಸ್ ಅಂದರೆ ಸುಮಾರು ನಾನೂರು ಚದರ ಮೀಟರ್. ಒಂದು ದಿನ ನೂರು ಮಿಲಿಮೀಟರ್ ಮಳೆ ಬಂದರೆ, ಜುಲೈಯಲ್ಲಿ ಇದು ಏನೂ ಅಪರೂಪ ಅಲ್ಲ, ಆ ಜಾಗದ ಮೇಲೆ ಬೀಳುವುದು ನಲವತ್ತು ಸಾವಿರ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹತ್ತಿರ ಹತ್ತಿರ ಏಳು ಟ್ಯಾಂಕರ್. ಮೇಲಿನಿಂದ ಹರಿದು ಬರುವುದು ಬೇರೆ. ಏಳು ಟ್ಯಾಂಕರ್ ನೀರನ್ನು ನಿಮ್ಮ ಮನೆಯ ಮೇಲ್ಗಡೆ ಸಡಿಲ ಮಣ್ಣಿನ ಮೇಲೆ ಬಿಡುತ್ತೇನೆ ಅಂತ ಯಾರಾದರೂ ಬಂದು ಹೇಳಿದರೆ ಒಪ್ಪುತ್ತೀರಾ?

ಉಳಿದದ್ದು ಸಣ್ಣ ಸಣ್ಣದು. ಸೈಟಿನ ತಗ್ಗಿನಲ್ಲಿ ಒಂದರ ಹಿಂದೆ ಒಂದು ಎರಡು ಗುಂಡಿ, ಮರಳು ಮತ್ತು ದಪ್ಪ ಮಣ್ಣಾದರೂ ಅಲ್ಲಿ ಕೂರಲಿ, ವಾರಕ್ಕೊಮ್ಮೆ ತೆಗೆಯಲಿ. ಗೇಟಿನ ಹತ್ತಿರ ದಪ್ಪ ಜಲ್ಲಿ ಹಾಸಲಿ, ಟಿಪ್ಪರಿನ ಚಕ್ರದ ಮಣ್ಣು ಅಲ್ಲೇ ಉದುರಲಿ. ಇಲ್ಲದಿದ್ದರೆ ಇಳಿಜಾರು ರಸ್ತೆಯಲ್ಲಿ ಅದು ಎಣ್ಣೆ ಚೆಲ್ಲಿದ ಹಾಗೆ. ಬಿದ್ದ ಸ್ಕೂಟರಿನವರನ್ನು ನಾನೇ ಎಷ್ಟೋ ಸಲ ಎತ್ತಿದ್ದೇನೆ. ಎತ್ತರ ಕಡಿಯುವವರು ನೆಟ್ಟಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಲಿ. ತಡೆಗೋಡೆ ಕಟ್ಟುವವರು ನೀರು ಹೊರಗೆ ಬರಲು ತೂತು ಬಿಡಲಿ, ತೂತಿನ ಹಿಂದೆ ಜಲ್ಲಿ ತುಂಬಲಿ. ಬರೀ ಪೈಪ್ ಇಟ್ಟು ಹಿಂದೆ ಶೇಡಿ ತುಂಬಿದರೆ ಒಂದೇ ಮಳೆಗೆ ಪೈಪ್ ಕಟ್ಟಿಕೊಳ್ಳುತ್ತದೆ, ಆಮೇಲೆ ಗೋಡೆ ನೀರು ತುಂಬಿದ ಹೊಟ್ಟೆಯ ಹಾಗೆ ಉಬ್ಬುತ್ತದೆ. ಹೊರಗಿನಿಂದ ನೋಡಿದರೆ ತೂತು ಇದೆ, ಲೆಕ್ಕಕ್ಕೆ ಇದೆ.

ಇದನ್ನೆಲ್ಲ ಹೇಳುವ ಯೋಗ್ಯತೆ ನನಗೆ ಇದೆಯಾ ಅಂತ ಕೇಳಬಹುದು. ಇಲ್ಲ. ನಾನೂ ಇದನ್ನೇ ಮಾಡಿದವನು. ಮೇ ಕೊನೆಯ ವಾರ ಹಿಟಾಚಿಗೆ ಡೀಸೆಲ್ ತುಂಬಿಸಿ, ಮಳೆ ಬರುವ ಮೊದಲು ಆದಷ್ಟು ಕಡಿದುಬಿಡಿ ಅಂತ ಹೇಳಿದವನು ನಾನೇ. ಮಳೆ ಶುರುವಾದ ಮೇಲೆ ಕೆಸರು ನೀರು ರಸ್ತೆಯ ಚರಂಡಿಗೆ ಹೋಗಲು ಗುದ್ದಲಿಯಲ್ಲಿ ದಾರಿ ಮಾಡಿಕೊಟ್ಟವನೂ ನಾನೇ. ಆ ಚರಂಡಿ ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಲಿಲ್ಲ. ಮಾಲೀಕ ಕೇಳಲಿಲ್ಲ, ಎಂಜಿನಿಯರ್ ಕೇಳಲಿಲ್ಲ, ಪರವಾನಗಿಯ ಕಾಗದದಲ್ಲಿ ಬರೆದಿರಲಿಲ್ಲ. ಬರೆದಿದ್ದರೆ ಮಾಡುತ್ತಿದ್ದೆ. ಸೈಟಿನಲ್ಲಿ ಹೆಲ್ಮೆಟ್ ಕೂಡ ಹಾಗೆಯೇ ಬಂದದ್ದು, ಯಾರಿಗೂ ತಲೆಯ ಮೇಲೆ ಪ್ರೀತಿ ಉಕ್ಕಿ ಬಂದದ್ದಲ್ಲ.

ಬರೆದರೆ ಮಾತ್ರ ಸಾಲದು, ಅದೂ ಗೊತ್ತು. ಪರವಾನಗಿ ಕೊಡುವಾಗಲೇ ಒಂದು ಠೇವಣಿ ಇಟ್ಟುಕೊಳ್ಳಲಿ, ಕಡಿಯುವ ಎತ್ತರದ ಮೇಲೆ. ಮಳೆಗಾಲ ಕಳೆದ ಮೇಲೆ ಬರೆ ನಿಂತಿದ್ದರೆ, ತೋಡು ತುಂಬದಿದ್ದರೆ ವಾಪಸ್. ತುಂಬಿದರೆ ಆ ಹಣದಲ್ಲೇ ಹೂಳು ತೆಗೆಸಲಿ. ಈಗ ತೆಗೆಸುವುದು ನನ್ನ ನಿಮ್ಮ ತೆರಿಗೆಯಲ್ಲಿ. ಒಬ್ಬರು ಮಣ್ಣು ಬಿಡುತ್ತಾರೆ, ಊರಿಗೆ ಊರೇ ಗುತ್ತಿಗೆದಾರನಿಗೆ ದುಡ್ಡು ಕೊಟ್ಟು ತೆಗೆಸುತ್ತದೆ, ತೆಗೆದದ್ದನ್ನು ದಡದಲ್ಲೇ ಹಾಕುತ್ತಾರೆ, ಮೊದಲ ಮಳೆಗೆ ಅದು ನೆಂಟರ ಮನೆಗೆ ಹೋದವರ ಹಾಗೆ ವಾಪಸ್ ಬರುತ್ತದೆ.

ಇನ್ನೊಂದು ತೊಡಕು ಇದೆ. ಈಗ ದೊಡ್ಡ ದೊಡ್ಡ ಗುಡ್ಡೆ ಸಮತಟ್ಟು ಮಾಡುತ್ತಿರುವುದು ಪಾಲಿಕೆಯ ಗಡಿಯ ಆಚೆ, ಗ್ರಾಮ ಪಂಚಾಯತಿಗಳಲ್ಲಿ. ಪಾಲಿಕೆ ಮಾತ್ರ ಬಿಗಿ ಮಾಡಿದರೆ ಹಿಟಾಚಿ ಗಡಿ ದಾಟಿ ಆಚೆ ಹೋಗುತ್ತದೆ, ನೀರು ಮಾತ್ರ ಗಡಿ ನೋಡದೆ ಈಚೆಗೇ ಇಳಿಯುತ್ತದೆ. ಗುರುಪುರ ನದಿಗೆ ಬೀಳುವ ತೋಡಿಗೆ ಯಾವ ವಾರ್ಡ್, ಯಾವ ಪಂಚಾಯತ್ ಅಂತ ಗೊತ್ತಿದೆಯಾ? ಹಾಗಾಗಿ ಜಿಲ್ಲೆಗೆಲ್ಲ ಒಂದೇ ಷರತ್ತು ಆಗಬೇಕು. ಹೆದ್ದಾರಿ ಕೆಲಸಕ್ಕೂ ಅದೇ ಆಗಬೇಕು ಅಂತ ಸೇರಿಸುತ್ತೇನೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಏನಾಯಿತು ಅಂತ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಡವನ ಐದು ಸೆಂಟ್ಸಿಗೆ ಒಂದು ನಿಯಮ, ದೊಡ್ಡ ರಸ್ತೆಗೆ ಇನ್ನೊಂದು ಅಂದರೆ ಜನ ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಐದು ಸೆಂಟ್ಸಿನವರ ಬಗ್ಗೆ ಒಂದು ಮಾತು. ಸಾಲ ಮಾಡಿ ಮನೆ ಕಟ್ಟುವವರಿಗೆ ಇದು ಹೊರೆ ಆಗುತ್ತದೆ ಅಂತ ನಮ್ಮ ಮಗಳೇ ನನ್ನ ಹತ್ತಿರ ಜಗಳ ಆಡಿದಳು. ಅವಳ ಮಾತು ಸುಳ್ಳಲ್ಲ. ಅದಕ್ಕೇ ನಾನು ಕ್ಯಾಮೆರಾ, ಪ್ರಯೋಗಾಲಯ, ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಕೇಳುತ್ತಿಲ್ಲ. ಚಿಕ್ಕ ಮನೆಯವರಿಗೆ ಒಂದು ಪುಟದ ಚಿತ್ರ ಸಾಕು. ಮೇಲೆ ತೋಡು, ಮೈಗೆ ಹೊದಿಕೆ, ಕೆಳಗೆ ಗುಂಡಿ, ಗೇಟಿನಲ್ಲಿ ಜಲ್ಲಿ. ಮೇಸ್ತ್ರಿಗೆ ಅರ್ಥ ಆಗುವ ಹಾಗೆ ಕನ್ನಡದಲ್ಲಿ, ತುಳುವಿನಲ್ಲಿ, ಮತ್ತು ಈಗ ಸೈಟಿನಲ್ಲಿ ಇರುವ ಹುಡುಗರು ಮಾತಾಡುವ ಹಿಂದಿ, ಬಂಗಾಳಿಯಲ್ಲೂ. ಮೇ 31ರ ಒಳಗೆ ವಾರ್ಡಿನ ಎಂಜಿನಿಯರ್ ಒಂದು ಸಲ ಬಂದು ಈ ನಾಲ್ಕು ಇದೆಯಾ ನೋಡಿ ಫೋಟೊ ತೆಗೆದು ಹೋಗಲಿ. ಹತ್ತು ನಿಮಿಷದ ಕೆಲಸ. ಇದೇ ನಾನು ಮೊದಲಿಗೆ ಹೇಳಿದ, ಯಾರೂ ತೆಗೆಯದ ಫೋಟೊ.

ನಮ್ಮ ಬಾವಿಯನ್ನು ಎರಡು ಸಲ ಖಾಲಿ ಮಾಡಿ ತೊಳೆಸಿದೆವು. ಈಗ ನೀರು ತಿಳಿಯಾಗಿದೆ, ಬಾವಿಕಟ್ಟೆಗೆ ಸಿಮೆಂಟ್ ಬಳಿಸಿದ್ದೇನೆ. ಬಾಟಲಿ ಇನ್ನೂ ಕಿಟಕಿಯಲ್ಲಿದೆ. ಮೊನ್ನೆ ಎದುರಿನ ಹನ್ನೆರಡು ಸೆಂಟ್ಸಿಗೂ ಹಿಟಾಚಿ ಬಂದಿದೆ. ಇವತ್ತಿಗೆ ಎಂಟಡಿ ಕಡಿದಿದ್ದಾರೆ, ಶೇಡಿ ಕಾಣಿಸುತ್ತಿದೆ, ನೆತ್ತಿಯಲ್ಲಿ ತೋಡು ಇಲ್ಲ. ಮೇ ಮುಗಿಯಲು ಇನ್ನೂ ಮೂರು ವಾರ ಇದೆ. ಯಾರಾದರೂ ಎಂಜಿನಿಯರ್ ಬರುವುದಾದರೆ ಬಸ್ ಸ್ಟಾಪಿನಿಂದ ನಾನೇ ಕರೆದುಕೊಂಡು ಬರುತ್ತೇನೆ.

ಇತಿ,
ನಿವೃತ್ತ ಸೈಟ್ ಸೂಪರ್‌ವೈಸರ್ ಒಬ್ಬ,
ಮಂಗಳೂರು